ನಿಲುವು ಮತ್ತು ನೆನಹು: ಜೈನ ಸಾಧನೆಯಲ್ಲಿ ಸಾಮಾಯಿಕ, ಕಾಯೋತ್ಸರ್ಗ, ಅನುಪ್ರೇಕ್ಷೆ

ಗೊತ್ತುಪಡಿಸಿಕೊಂಡ ಒಂದು ಅವಧಿ ಮುಗಿಯುವ ತನಕ ಎಲ್ಲ ವ್ಯವಹಾರವನ್ನೂ ಬಿಟ್ಟು, ಲಾಭ ನಷ್ಟ, ಹೊಗಳಿಕೆ ತೆಗಳಿಕೆ, ಹಗೆ ಕೆಳೆ ಎಂಬ ಎಣಿಕೆಯಿಲ್ಲದೆ ತನ್ನಲ್ಲಿ ತಾನು ನೆಲೆಸುವುದಕ್ಕೆ ಜೈನರು ಸಾಮಾಯಿಕ ಎನ್ನುತ್ತಾರೆ. ಮುನಿಗಳು ದಿನವೂ ತಪ್ಪದೆ ಮಾಡಬೇಕಾದ ಆರು ಆವಶ್ಯಕಗಳಲ್ಲಿ ಇದು ಮೊದಲನೆಯದು. ಇಪ್ಪತ್ತನಾಲ್ಕು ತೀರ್ಥಂಕರರ ಸ್ತವನ, ವಂದನೆ, ಆದ ತಪ್ಪುಗಳನ್ನು ನೆನೆದು ಅವುಗಳಿಂದ ಹಿಂದಿರುಗುವ ಪ್ರತಿಕ್ರಮಣ, ಮುಂದೆ ಮಾಡೆನೆಂಬ ಪ್ರತ್ಯಾಖ್ಯಾನ, ಮೈಮೇಲಿನ ಮಮತೆಯನ್ನು ಕಳಚುವ ಕಾಯೋತ್ಸರ್ಗ ಇವು ಉಳಿದ ಐದು. ಗೃಹಸ್ಥರಿಗೂ ಇದರಲ್ಲಿ ಪಾಲಿದೆ. ಶ್ರಾವಕರ ನಾಲ್ಕು ಶಿಕ್ಷಾವ್ರತಗಳಲ್ಲಿ ಸಾಮಾಯಿಕ ಒಂದು. ಅವರು ಮೆಟ್ಟಿಲು ಮೆಟ್ಟಿಲಾಗಿ ಏರಬೇಕಾದ ಹನ್ನೊಂದು ಪ್ರತಿಮೆಗಳಲ್ಲಿ ಮೂರನೆಯದರ ಹೆಸರೂ ಅದೇ.

ಈ ಸಮಭಾವವನ್ನು ಶಾಸ್ತ್ರಕಾರರು ಒಟ್ಟಾರೆಯಾಗಿ ಹೇಳಿ ಬಿಡಲಿಲ್ಲ. ಸಾಮಾಯಿಕವನ್ನು ಅವರು ಹೆಸರು, ಆಕಾರ, ವಸ್ತು, ಸ್ಥಳ, ಕಾಲ, ಭಾವ ಎಂದು ಆರಾಗಿ ಬಿಡಿಸಿದರು. ಒಳ್ಳೆಯ ಹೆಸರು ಕೇಳಿದಾಗ ಹಿಗ್ಗದೆ ಕೆಟ್ಟದ್ದು ಕೇಳಿದಾಗ ಕುಗ್ಗದೆ ಇರುವುದು ಒಂದು. ಚಿನ್ನವನ್ನೂ ಮಣ್ಣನ್ನೂ ಸಮನಾಗಿ ಕಾಣುವುದು ಇನ್ನೊಂದು. ಉದ್ಯಾನದಲ್ಲಿ ಕುಳಿತರೂ ಮುಳ್ಳುಗಾಡಿನಲ್ಲಿ ಕುಳಿತರೂ, ವಸಂತವಿರಲಿ ಬೇಸಿಗೆಯಿರಲಿ ಮನಸ್ಸು ಕದಲದಿರುವುದು ಮತ್ತೊಂದು. ಸಮತೆ ಎಂಬ ದೊಡ್ಡ ಮಾತನ್ನು ಹೀಗೆ ಸಣ್ಣ ಸಣ್ಣ ಪರೀಕ್ಷೆಗಳಾಗಿ ಒಡೆದುದರಿಂದ, ತಾನು ಯಾವುದರಲ್ಲಿ ಸೋಲುತ್ತಿದ್ದೇನೆಂಬುದು ಸಾಧಕನಿಗೆ ತಿಳಿಯುತ್ತದೆ.

ಗೃಹಸ್ಥರ ಸಾಮಾಯಿಕವನ್ನು ಅತಿ ಸ್ಪಷ್ಟವಾಗಿ ವಿವರಿಸಿದವರು ಸಮಂತಭದ್ರರು. ಅವರ ರತ್ನಕರಂಡಕ ಶ್ರಾವಕಾಚಾರ ಕರ್ನಾಟಕದ ಜೈನ ಮನೆಗಳಲ್ಲಿ ಇಂದಿಗೂ ಪಾಠವಾಗುವ ಪುಸ್ತಕ. ಗದ್ದಲವಿಲ್ಲದ ಏಕಾಂತ ಸ್ಥಳವಾದರೆ ಸಾಕು. ಕಾಡಾಗಲಿ, ಮನೆಯಾಗಲಿ, ಬಸದಿಯಾಗಲಿ ಆಗಬಹುದು ಎಂಬುದು ಅವರ ಮತ. ಮನೆಯನ್ನೂ ಕಾಡಿನ ಸಾಲಿನಲ್ಲಿ ಇರಿಸಿದ್ದು ಸಣ್ಣ ಸಂಗತಿಯಲ್ಲ. ಕಾಲದ ಅಳತೆಯೂ ಅಷ್ಟೇ ಮನೆಬಳಕೆಯದು. ಜುಟ್ಟಿಗೆ ಹಾಕಿದ ಗಂಟು, ಬಿಗಿಹಿಡಿದ ಮುಷ್ಟಿ, ಬಟ್ಟೆಯ ಗಂಟು, ಕಟ್ಟಿ ಕುಳಿತ ಪರ್ಯಂಕಾಸನ, ಇವುಗಳಲ್ಲಿ ಯಾವುದನ್ನು ಕಟ್ಟಿಕೊಂಡರೆ ಅದು ಬಿಚ್ಚುವ ತನಕ ಸಾಮಾಯಿಕದ ಸಮಯ. ಹೊತ್ತಿನ ಲೆಕ್ಕ ಖಚಿತವಾದಂತೆ ಎರಡು ಘಳಿಗೆ, ಅಂದರೆ ಒಂದು ಮುಹೂರ್ತ, ಇಂದಿನ ಎಣಿಕೆಯಲ್ಲಿ 48 ನಿಮಿಷ, ಕನಿಷ್ಠ ಮಿತಿಯಾಗಿ ನಿಂತಿತು. ನಾಲ್ಕು ಘಳಿಗೆ ಮಧ್ಯಮ, ಆರು ಘಳಿಗೆ ಉತ್ತಮ. ಮೂರನೆಯ ಪ್ರತಿಮೆಯನ್ನು ಹಿಡಿದವರು ಬೆಳಗು, ನಡುಹಗಲು, ಸಂಜೆ ಮೂರು ಹೊತ್ತೂ ಕೂರಬೇಕು. ಉಳಿದವರು ಶಕ್ತಿಯಿದ್ದಷ್ಟು ಮಾಡಬಹುದು, ಅಷ್ಟಮಿ ಚತುರ್ದಶಿಗಳಂಥ ಪರ್ವದಿನಗಳಲ್ಲಿ ಉಪವಾಸವೋ ಒಪ್ಪೊತ್ತೋ ಇದ್ದು ಹೆಚ್ಚಿಸಿಕೊಳ್ಳಬಹುದು.

ದಿಗಂಬರ ರೂಢಿಯಲ್ಲಿ ವಿಧಿ ನಿಂತಲ್ಲಿಂದಲೇ ಆರಂಭ. ಪೂರ್ವಕ್ಕೋ ಉತ್ತರಕ್ಕೋ ಮುಖಮಾಡಿ ನಿಂತು ಪಂಚನಮಸ್ಕಾರ ಮಂತ್ರವನ್ನು ಒಂಬತ್ತು ಸಲ ನೆನೆಯಬೇಕು. ಆಮೇಲೆ ಒಂದೊಂದು ದಿಕ್ಕಿಗೂ ತಿರುಗಿ, ಮುಗಿದ ಕೈಗಳನ್ನು ಮೂರು ಸುತ್ತು ತಿರುಗಿಸಿ ಒಮ್ಮೆ ತಲೆಬಾಗಬೇಕು. ನಾಲ್ಕು ದಿಕ್ಕಿಗೆ ಹನ್ನೆರಡು ಆವರ್ತ, ನಾಲ್ಕು ನಮಸ್ಕಾರ. ಇಷ್ಟಾದ ಮೇಲೆ ಕುಳಿತೋ ನಿಂತೋ ಮೌನ. ಚಳಿ, ಸೆಕೆ, ಸೊಳ್ಳೆಯ ಕಡಿತ ಎಲ್ಲವನ್ನೂ ಆ ಹೊತ್ತಿನಲ್ಲಿ ತಾಳಿಕೊಳ್ಳಬೇಕು. ಆ ಅವಧಿಯಲ್ಲಿ ಗೃಹಸ್ಥನಿಗೆ ಕೊಡುವುದಿಲ್ಲ, ಕೊಳ್ಳುವುದಿಲ್ಲ, ಹೊಲಮನೆಯ ಚಿಂತೆಯಿಲ್ಲ. ಹಾಗಾಗಿ ಅವನು, ಯಾರೋ ಕಾಟ ಕೊಡಲೆಂದು ಮೈಮೇಲೆ ಬಟ್ಟೆ ಹೊದಿಸಿಹೋದ ದಿಗಂಬರ ಮುನಿಯ ಹಾಗೆ ಎಂದು ಸಮಂತಭದ್ರರು ಹೇಳುತ್ತಾರೆ. ಬಟ್ಟೆ ಮೈಮೇಲಿದೆ, ಆದರೆ ಅದು ಅವನದಲ್ಲ. ಗೃಹಸ್ಥ ಸಾಧನೆಯನ್ನು ಇಷ್ಟು ಗೌರವದಿಂದ ಕಂಡ ಮಾತು ಇಡೀ ಆಚಾರ ಸಾಹಿತ್ಯದಲ್ಲಿ ಹೆಚ್ಚು ಸಿಕ್ಕುವುದಿಲ್ಲ.

ಸಾಮಾಯಿಕ ಕೆಡುವ ಬಗೆ ಐದು. ಮನಸ್ಸು ಅಡ್ಡದಾರಿ ಹಿಡಿಯುವುದು, ಮಾತು ಜಾರುವುದು, ಮೈ ಅಲುಗುವುದು ಮೂರು, ಅನಾದರ ನಾಲ್ಕನೆಯದು, ಮರೆವು ಐದನೆಯದು. ಮೊದಲಿನ ಮೂರು ಯಾರಿಗಾದರೂ ಹೊಳೆಯುತ್ತವೆ. ಅನಾದರವನ್ನು ಬೇರೆಯಾಗಿ ಎಣಿಸಿದ್ದು ಅನುಭವಿಗಳ ಕೆಲಸ. ಹೊತ್ತು ಸರಿಯಾಗಿದೆ, ಆಸನ ಸರಿಯಾಗಿದೆ, ತುಟಿಯೂ ಅಲುಗುತ್ತಿಲ್ಲ. ಆದರೂ ಬೇಗ ಮುಗಿದರೆ ಸಾಕೆಂಬ ಭಾವ ಒಳಗಿದ್ದರೆ ವ್ರತಕ್ಕೆ ಕುಂದು ತಗಲುತ್ತದೆ. ಎಲ್ಲಿಯವರೆಗೆ ಹೇಳಿದೆ, ಮಾಡಬೇಕಾದ್ದನ್ನು ಮಾಡಿದೆನೋ ಇಲ್ಲವೋ ಎಂಬುದು ತಪ್ಪಿಹೋಗುವುದು ಮರೆವು. ದಿನವೂ ಮಾಡುವವರಿಗೇ ಇವೆರಡು ಹೆಚ್ಚು ಅಂಟಿಕೊಳ್ಳುತ್ತವೆ.

ಏಕಾಂತದ ವಿಷಯದಲ್ಲಿ ಪೂಜ್ಯಪಾದರ ನಿಲುವು ಗಮನಿಸತಕ್ಕದ್ದು. ಕನ್ನಡ ನಾಡಿನವರೆಂದು ಪರಂಪರೆ ಹೇಳುವ ಈ ಆಚಾರ್ಯರು ಸಮಾಧಿತಂತ್ರದಲ್ಲಿ ಎರಡು ಮಾತುಗಳನ್ನು ಒಂದರ ಬೆನ್ನಿಗೊಂದು ಇಡುತ್ತಾರೆ. ಜನರ ಒಡನಾಟದಿಂದ ಮಾತು, ಮಾತಿನಿಂದ ಮನಸ್ಸಿನ ಚಲನೆ, ಅದರಿಂದ ಭ್ರಮೆ ಹುಟ್ಟುವುದರಿಂದ ಯೋಗಿ ಜನಸಂಪರ್ಕವನ್ನು ಬಿಡಬೇಕು ಎನ್ನುವುದು ಮೊದಲನೆಯದು. ಹಾಗೆಂದು ಕಾಡಿಗೆ ಹೊರಟವನನ್ನು ಎರಡನೆಯ ಮಾತು ತಡೆಯುತ್ತದೆ: ಊರು ಕಾಡು ಎಂಬ ಎರಡು ವಾಸಗಳು ಆತ್ಮವನ್ನು ಕಾಣದವರಿಗೆ, ಕಂಡವನಿಗೆ ತನ್ನ ಅಚಲವಾದ ಆತ್ಮವೇ ಬೀಡು. ಮೌನ ಸಾಧನ, ಅದನ್ನೇ ಗುರಿಯೆಂದು ತಿಳಿಯಬಾರದು ಎಂಬ ವಿವೇಕ ಈ ಜೋಡಣೆಯಲ್ಲಿದೆ.

ಈಗ ಕಾಯೋತ್ಸರ್ಗ. ಪಾದಗಳ ನಡುವೆ ನಾಲ್ಕು ಅಂಗುಲ ಬಿಟ್ಟು, ತೋಳುಗಳನ್ನು ನೇರ ಇಳಿಬಿಟ್ಟು, ಯಾವ ಅಂಗವನ್ನೂ ಅಲುಗಿಸದೆ ನಿಲ್ಲಬೇಕೆಂದು ವಟ್ಟಕೇರರ ಮೂಲಾಚಾರ ಹೇಳುತ್ತದೆ. ಕನಿಷ್ಠ ಅವಧಿ ಒಂದು ಮುಹೂರ್ತಕ್ಕೂ ಕಡಮೆ, ಗರಿಷ್ಠ ಒಂದು ವರ್ಷ. ಇವೆರಡರ ನಡುವಿನ ದಿನಬಳಕೆಯ ಕಾಯೋತ್ಸರ್ಗಗಳಿಗೆ ಅಳತೆ ಉಸಿರು. ಹಗಲಿನ ಪ್ರತಿಕ್ರಮಣಕ್ಕೆ 108 ಉಚ್ಛ್ವಾಸ, ರಾತ್ರಿಯದಕ್ಕೆ ಅದರರ್ಧ 54, ಪಕ್ಷಕ್ಕೊಮ್ಮೆ 300, ನಾಲ್ಕು ತಿಂಗಳಿಗೊಮ್ಮೆ 400, ವರ್ಷಕ್ಕೊಮ್ಮೆ 500. ಪಂಚನಮಸ್ಕಾರವನ್ನು ಒಂದು ಸಲ ಮನಸ್ಸಿನಲ್ಲೇ ನೆನೆಯಲು ಮೂರು ಉಸಿರು: ಮೊದಲ ಎರಡು ಪದಗಳನ್ನು ಒಂದು ಉಸಿರಿನ ಏರಿಳಿತಕ್ಕೆ, ಮುಂದಿನೆರಡನ್ನು ಇನ್ನೊಂದಕ್ಕೆ, ಕೊನೆಯದನ್ನು ಮೂರನೆಯದಕ್ಕೆ ಹೊಂದಿಸುತ್ತಾರೆ. ಒಂಬತ್ತು ಸಲಕ್ಕೆ 27 ಉಸಿರು. 108 ಉಸಿರಿಗೆ ಮಂತ್ರ 36 ಸಲ. ನಿಮಿಷಕ್ಕೆ ಹನ್ನೆರಡರಿಂದ ಹದಿನಾರು ಉಸಿರೆಂದು ಹಿಡಿದರೆ ಹಗಲಿನ ಪ್ರತಿಕ್ರಮಣದ ಕಾಯೋತ್ಸರ್ಗ ಏಳರಿಂದ ಒಂಬತ್ತು ನಿಮಿಷದ ಕೆಲಸ. ವರ್ಷಕ್ಕೊಮ್ಮೆ ಬರುವುದು ಅರ್ಧ ಗಂಟೆಗೂ ಹೆಚ್ಚು. ಉಸಿರನ್ನು ಕಟ್ಟುವುದಾಗಲಿ ಎಳೆಯುವುದಾಗಲಿ ಇಲ್ಲಿಲ್ಲ. ತಾನಾಗಿ ಬಂದು ಹೋಗುವ ಉಸಿರೇ ಎಣಿಕೆಯ ಮಣಿ.

ಹಾಗೆ ನಿಂತವನ ದೋಷಗಳು ಮೂವತ್ತೆರಡು. ಆ ಪಟ್ಟಿಯನ್ನು ಓದಿದರೆ ಶಾಸ್ತ್ರಕಾರರು ನಿಂತವರನ್ನು ಎಷ್ಟು ಹತ್ತಿರದಿಂದ ನೋಡಿದ್ದರೆಂಬುದು ತಿಳಿಯುತ್ತದೆ. ಕುದುರೆಯಂತೆ ಒಂದು ಕಾಲನ್ನು ಸಡಿಲಿಸಿ ನಿಲ್ಲುವುದು ಘೋಟಕ ದೋಷ, ಬಳ್ಳಿಯಂತೆ ಓಲಾಡುವುದು ಲತಾದೋಷ. ಕಂಬಕ್ಕೆ ಒರಗಿದರೆ ಒಂದು ಹೆಸರು, ಗೋಡೆಗೆ ಒರಗಿದರೆ ಇನ್ನೊಂದು. ಕಾಗೆಯಂತೆ ಅತ್ತಿತ್ತ ಕಣ್ಣು ಹೊರಳಿಸುವುದು, ನೊಗ ಹೊತ್ತ ಎತ್ತಿನಂತೆ ಕತ್ತು ಚಾಚುವುದು, ಬೇಲದ ಹಣ್ಣು ಹಿಡಿದವರಂತೆ ಮುಷ್ಟಿ ಕಟ್ಟುವುದು, ಕಡಿವಾಣ ಕಚ್ಚಿದ ಕುದುರೆಯಂತೆ ಹಲ್ಲು ಕಡಿಯುವುದು, ಮೂಗರಂತೆ ಸನ್ನೆ ಮಾಡುವುದು, ಬೆರಳು ಎಣಿಸುವುದು, ಹುಬ್ಬು ಕುಣಿಸುವುದು, ಕುಡಿದವರಂತೆ ತೂಗಾಡುವುದು ಎಲ್ಲವೂ ಪಟ್ಟಿಯಲ್ಲಿವೆ. ಇವುಗಳಲ್ಲಿ ಒಂದೂ ಪಾಪವಲ್ಲ. ಬೇಸರ, ಆಯಾಸ, ಅಹಂಕಾರ ಮೈಯಲ್ಲಿ ತಲೆಹಾಕುವ ಬಗೆಗಳು ಇವು. ಮನಸ್ಸು ಎಲ್ಲಿದೆಯೆಂದು ಗುರುವಿಗೆ ಕಾಣದು, ಬೆರಳು ಕಾಣುತ್ತದೆ.

ಆದರೆ ಮೈ ನಿಶ್ಚಲವಾದರೆ ಕೆಲಸ ಮುಗಿಯಿತೆಂದು ಈ ಪರಂಪರೆ ಒಪ್ಪುವುದಿಲ್ಲ. ಮೂಲಾಚಾರ ಕಾಯೋತ್ಸರ್ಗವನ್ನು ನಾಲ್ಕಾಗಿ ವಿಂಗಡಿಸುತ್ತದೆ. ಮೈಯೂ ನಿಂತು ಒಳ್ಳೆಯ ಧ್ಯಾನದಲ್ಲಿ ಮನಸ್ಸೂ ಎದ್ದು ನಿಂತಿದ್ದರೆ ಅದು ಉತ್ಥಿತೋತ್ಥಿತ. ಮೈ ನಿಂತಿದ್ದು ಮನಸ್ಸು ಕೆಟ್ಟ ಧ್ಯಾನದಲ್ಲಿ ಕುಸಿದು ಕುಳಿತಿದ್ದರೆ ಉತ್ಥಿತನಿವಿಷ್ಟ. ಮೈ ಕುಳಿತು ಮನಸ್ಸು ನಿಂತಿದ್ದರೆ ಉಪವಿಷ್ಟೋತ್ಥಿತ. ಎರಡೂ ಕುಳಿತಿದ್ದರೆ ಉಪವಿಷ್ಟನಿವಿಷ್ಟ. ಕಾಲು ನಿಲ್ಲದ ಮುದುಕರು, ರೋಗಿಗಳು ಕುಳಿತೇ ನಿಲ್ಲಬಲ್ಲರು. ಗಟ್ಟಿಮುಟ್ಟಾದವನು ನಿಂತೇ ಕುಳಿತಿರಬಲ್ಲ. ಈ ವಿಂಗಡಣೆಯನ್ನು ಅರಿಯದೆ ಜೈನ ಮೌನವನ್ನು ಬರೀ ದೇಹದಂಡನೆ ಎಂದು ವಿವರಿಸುವವರು ಅರ್ಧ ಮಾತನ್ನೇ ಹೇಳಿದಂತಾಗುತ್ತದೆ.

ಕೆಟ್ಟ ಧ್ಯಾನವೆಂಬುದು ಇಂದಿನ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು. ಧ್ಯಾನವೆಂದರೆ ಒಳ್ಳೆಯದೇ ಎಂಬುದು ಈಗಿನ ನಂಬಿಕೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಹಾಗೆ ನಂಬುವುದಿಲ್ಲ. ಚಿತ್ತ ಒಂದೇ ವಿಷಯದ ಮೇಲೆ ನಿಂತರೆ ಅದು ಧ್ಯಾನ; ವಿಷಯ ಯಾವುದೆಂಬುದು ಬೇರೆ ಪ್ರಶ್ನೆ. ಹಾಗಾಗಿ ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕು. ಬೇಡದ್ದು ಯಾವಾಗ ತೊಲಗೀತು, ಬೇಕಾದದ್ದು ಯಾವಾಗ ಮರಳೀತು ಎಂದು ಬಿಡದೆ ಕೊರಗುವುದು, ನೋವನ್ನೇ ನೆಕ್ಕುತ್ತ ಕೂರುವುದು, ಮುಂದಿನ ಭೋಗಕ್ಕಾಗಿ ಹಂಬಲಿಸುವುದು ಆರ್ತಧ್ಯಾನ. ಹಿಂಸೆ, ಸುಳ್ಳು, ಕಳವು, ಆಸ್ತಿಯ ಕಾವಲು ಇವುಗಳಲ್ಲಿ ಮುಳುಗಿ ಸುಖಿಸುವುದು ರೌದ್ರ. ಆಸ್ತಿಯ ಪಾಲಿನ ಜಗಳವನ್ನು ರಾತ್ರಿಯೆಲ್ಲ ಮಗ್ಗಲು ಬದಲಿಸದೆ ನೆನೆಯುವವನ ಏಕಾಗ್ರತೆ ಯಾವ ಯೋಗಿಯದಕ್ಕೂ ಕಡಮೆಯಲ್ಲ. ಅವನಿಗೆ ಏಕಾಗ್ರತೆಯನ್ನು ಕಲಿಸಬೇಕಾಗಿಲ್ಲ, ವಿಷಯವನ್ನು ಬದಲಿಸಬೇಕಾಗಿದೆ. ಮೌನದ ಬೆಲೆ ಅದರೊಳಗೆ ನಡೆಯುವ ನೆನಹಿನಿಂದಲೇ ನಿರ್ಧಾರವಾಗುತ್ತದೆ ಎಂಬುದು ಜೈನ ಧ್ಯಾನಶಾಸ್ತ್ರದ ತಿರುಳು. ಅದರ ಇತರ ವಿಧಿಗಳೆಲ್ಲ ಇಲ್ಲಿಂದ ಹೊರಡುತ್ತವೆ.

ವಿಷಯವನ್ನು ಬದಲಿಸುವ ಸಲಕರಣೆಯೇ ಅನುಪ್ರೇಕ್ಷೆ, ಅಂದರೆ ಒಂದು ಸತ್ಯವನ್ನು ಮತ್ತೆ ಮತ್ತೆ ಹೊರಳಿಸಿ ನೋಡುವುದು. ಇವು ಹನ್ನೆರಡು: ಅನಿತ್ಯ, ಅಶರಣ, ಸಂಸಾರ, ಏಕತ್ವ, ಅನ್ಯತ್ವ, ಅಶುಚಿ, ಆಸ್ರವ, ಸಂವರ, ನಿರ್ಜರೆ, ಲೋಕ, ಬೋಧಿದುರ್ಲಭ, ಧರ್ಮ. ಮೊದಲ ಆರು ಅಂಟನ್ನು ಸಡಿಲಿಸುವಂಥವು. ಇರುವುದೆಲ್ಲ ಅಳಿಯುತ್ತದೆ, ಸಾವು ಬಂದಾಗ ಅರಸನೂ ವೈದ್ಯನೂ ಮಂತ್ರವೂ ಕಾಯವು, ಹುಟ್ಟು ಸಾವುಗಳ ಸುತ್ತಾಟಕ್ಕೆ ಕೊನೆಯಿಲ್ಲ, ಹುಟ್ಟುವವನೂ ಸಾಯುವವನೂ ಒಬ್ಬನೇ, ಈ ಮೈ ಸಹ ತನಗಿಂತ ಬೇರೆ. ನಡುವಿನ ಮೂರು ಕರ್ಮ ಒಳಗೆ ಹರಿದುಬರುವ, ಅದನ್ನು ತಡೆಯುವ, ಬಂದುದನ್ನು ಉದುರಿಸುವ ಕ್ರಮವನ್ನು ಕುರಿತವು. ಕೊನೆಯ ಮೂರರಲ್ಲಿ ಲೋಕದ ಆಕಾರ, ಅರಿವು ದೊರೆಯುವುದರ ಅಪರೂಪ, ಧರ್ಮದ ಸ್ವರೂಪ ಬರುತ್ತವೆ. ಏಕತ್ವ ಮತ್ತು ಅನ್ಯತ್ವ ಒಂದೇ ಎಂದು ಮೊದಲು ಅನಿಸುತ್ತದೆ. ‘ನನ್ನವರು ಯಾರೂ ಜೊತೆಗೆ ಬಾರರು’ ಎಂಬುದು ಮೊದಲನೆಯದು. ‘ನನ್ನದೆಂದುಕೊಂಡ ಈ ಮೈಯೂ ನಾನಲ್ಲ’ ಎಂಬುದು ಎರಡನೆಯದು. ಒಂದು ಬಂಧುಬಳಗದಿಂದ ಬಿಡಿಸಿದರೆ ಇನ್ನೊಂದು ತನ್ನಿಂದಲೇ ಬಿಡಿಸುತ್ತದೆ.

ಅಶುಚಿ ಭಾವನೆಯ ಬಗ್ಗೆ ಒಂದು ಮಾತು ಹೇಳದೆ ಬಿಡಲಾಗದು. ತನ್ನ ಮೈಯೊಳಗಿನ ರಕ್ತ ಮಾಂಸ ಮಲಗಳನ್ನು ನೆನೆದು ತನ್ನ ದೇಹಾಭಿಮಾನವನ್ನು ಕಳೆದುಕೊಳ್ಳುವುದು ಅದರ ಉದ್ದೇಶ. ಕಾವ್ಯಗಳಲ್ಲಿ ವೈರಾಗ್ಯ ಹೇಳಲು ಹೊರಟ ಕವಿಗಳು ಅನೇಕ ಕಡೆ ಅದನ್ನು ಹೆಣ್ಣಿನ ಮೈಯತ್ತ ತಿರುಗಿಸಿದರು. ಭಾವನೆ ತನ್ನ ಮೇಲೆ ಕೆಲಸ ಮಾಡುವುದನ್ನು ಬಿಟ್ಟು ಇನ್ನೊಬ್ಬರ ಮೇಲಿನ ತಿರಸ್ಕಾರವಾಯಿತು. ಶಾಸ್ತ್ರದ ಲೆಕ್ಕದಲ್ಲೇ ಇದು ದ್ವೇಷ. ಸಾಮಾಯಿಕದಲ್ಲಿ ಅದಕ್ಕೆ ಎಡೆಯಿಲ್ಲ.

ಅನುಪ್ರೇಕ್ಷೆಗಳ ಮೇಲೆ ಪ್ರಾಕೃತದಲ್ಲಿ ಕುಂದಕುಂದರ ಬಾರಸ ಅಣುವೆಕ್ಖಾ, ಸ್ವಾಮಿ ಕಾರ್ತಿಕೇಯರ ಕತ್ತಿಗೇಯಾಣುಪೇಕ್ಖಾ ಇವೆ. ಕನ್ನಡದಲ್ಲಿ ಬಂಧುವರ್ಮನ ಜೀವಸಂಬೋಧನೆ ಇಡಿಯಾಗಿ ಇದೇ ವಸ್ತುವಿನ ಮೇಲೆ ನಿಂತ ಕೃತಿ. ಜೀವವನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡಿಸುವ ಕ್ರಮ ಅದರದು, ಹೆಸರೇ ಅದನ್ನು ಹೇಳುತ್ತದೆ. ಭಾವನೆಗಳನ್ನು ಒಂದೊಂದಾಗಿ ನಡೆಸುವ ಇಂಥ ಗ್ರಂಥವನ್ನು ಓದುವುದಕ್ಕೂ ಅನುಪ್ರೇಕ್ಷೆ ಮಾಡುವುದಕ್ಕೂ ನಡುವೆ ಗೆರೆ ಎಳೆಯುವುದು ಕಷ್ಟ.

ಪಾಠದಲ್ಲಿ ಹೇಳುವ ಅನಿತ್ಯ ಒಬ್ಬನ ಅನುಭವಕ್ಕೆ ಬರುವ ಬಗೆಯನ್ನು 941ರಲ್ಲಿ ಪಂಪ ಆದಿಪುರಾಣದಲ್ಲಿ ನೀಲಾಂಜನೆಯ ಪ್ರಸಂಗದಿಂದ ತೋರಿಸಿದ. ಮುಂದೆ ಮೊದಲ ತೀರ್ಥಂಕರನಾಗಲಿದ್ದ ವೃಷಭನಾಥನ ಮನಸ್ಸು ರಾಜಭೋಗದಲ್ಲೇ ನಿಂತಿರುವುದನ್ನು ಕಂಡ ಇಂದ್ರ, ಆಯುಸ್ಸು ಮುಗಿಯಲಿದ್ದ ನರ್ತಕಿಯನ್ನು ಅವನ ಆಸ್ಥಾನದಲ್ಲಿ ಕುಣಿಸುತ್ತಾನೆ. ಕುಣಿಯುತ್ತಿರುವಾಗಲೇ ಅವಳು ಅಳಿದುಹೋಗುತ್ತಾಳೆ. ರಸಭಂಗವಾಗದಿರಲೆಂದು ಆ ಕ್ಷಣವೇ ಇಂದ್ರ ಅವಳಂಥವಳನ್ನೇ ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಕುಣಿತ ಮುಂದುವರಿದಂತೆಯೇ ಕಾಣುತ್ತದೆ. ವೃಷಭನಾಥನೊಬ್ಬನಿಗೆ ನಡುವಿನ ಬಿರುಕು ಕಾಣುತ್ತದೆ. ವೈರಾಗ್ಯಕ್ಕೆ ಸಾವನ್ನು ತೋರಿಸಿದ್ದರೆ ಸಾಕಿತ್ತು, ಬದಲಿಯನ್ನು ತರುವ ಅಗತ್ಯವಿರಲಿಲ್ಲ. ಬದಲಿ ಬಂದುದರಿಂದಲೇ ಪ್ರಸಂಗಕ್ಕೆ ಬಲ ಬಂದಿದೆ. ಅಳಿದುದರ ಜಾಗದಲ್ಲಿ ಅಂಥದೇ ಇನ್ನೊಂದು ಬಂದು ನಿಲ್ಲುವುದರಿಂದ ಲೋಕಕ್ಕೆ ಅಳಿವು ತಿಳಿಯುವುದೇ ಇಲ್ಲ. ಎಲ್ಲರೂ ನೋಡಿದ್ದನ್ನೇ ನೋಡಿ ಎಲ್ಲರೂ ಕಾಣದ್ದನ್ನು ಕಾಣುವುದು ಅನುಪ್ರೇಕ್ಷೆಯ ಫಲ.

ಅನುಪ್ರೇಕ್ಷೆ ಚಲಿಸುವ ಚಿಂತನೆ. ಅದು ಒಂದೆಡೆ ನಿಂತಾಗ ಧರ್ಮ್ಯಧ್ಯಾನ. ಜಿನನ ಆಜ್ಞೆ, ಜೀವಿಗಳು ದಾರಿತಪ್ಪುವ ಅಪಾಯ, ಕರ್ಮ ಹಣ್ಣಾಗುವ ವಿಪಾಕ, ಲೋಕದ ಸಂಸ್ಥಾನ, ಈ ನಾಲ್ಕನ್ನು ವಿಚಾರಿಸುವುದರಿಂದ ಅದು ನಾಲ್ಕು ಬಗೆ. ಧ್ಯಾನವೆಂಬುದು ಜ್ಞಾನಕ್ಕಿಂತ ಬೇರೆ ಶಕ್ತಿಯಲ್ಲ, ಅಲುಗದ ಬೆಂಕಿಯ ನಾಲಗೆಯಂತೆ ನಿಂತ ಜ್ಞಾನವೇ ಧ್ಯಾನ ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದರು. ಅದರ ಅವಧಿಗೂ ಮಿತಿಯಿದೆ. ಅತ್ಯುತ್ತಮವಾದ ಮೈಕಟ್ಟಿನವನಿಗೂ ಒಂದೇ ವಿಷಯದ ಮೇಲೆ ಮನಸ್ಸು ನಿಲ್ಲುವುದು ಅಂತರ್ಮುಹೂರ್ತ ಮಾತ್ರ, ಅಂದರೆ 48 ನಿಮಿಷದೊಳಗೆ. ದಿನಗಟ್ಟಲೆ ಧ್ಯಾನಿಸಿದರೆಂಬ ಕಥೆಗಳನ್ನು ಹೇಳುವ ಪರಂಪರೆಯೇ ಶಾಸ್ತ್ರದಲ್ಲಿ ಇಂಥ ಗೆರೆ ಎಳೆದಿರುವುದು ಅದರ ಪ್ರಾಮಾಣಿಕತೆ. ದೀರ್ಘ ಧ್ಯಾನವೆಂಬುದು ಒಂದು ಮುಗಿದು ಇನ್ನೊಂದು ತೊಡಗುವ ಧ್ಯಾನಗಳ ಸರಣಿ ಎಂದು ವ್ಯಾಖ್ಯಾನಕಾರರು ಹೊಂದಿಸಿದರು.

ಆ ಸರಣಿಯ ಅತಿ ಉದ್ದದ ಉದಾಹರಣೆ ವೃಷಭನಾಥನ ಮಗ ಬಾಹುಬಲಿ. ಅಣ್ಣ ಭರತನನ್ನು ಗೆದ್ದು, ಗೆಲುವಿನಲ್ಲೇ ಹೇಸಿ ರಾಜ್ಯವನ್ನು ಬಿಟ್ಟ ಅವನು ಒಂದು ವರ್ಷ, ವಿಗ್ರಹದಂತೆ ಅಲುಗದಿರುವ ಪ್ರತಿಮಾಯೋಗದಲ್ಲಿ ನಿಂತ. ಹುತ್ತ ಬೆಳೆಯಿತು, ಬಳ್ಳಿ ಹಬ್ಬಿತು, ಎಲ್ಲವನ್ನೂ ಅರಿಯುವ ಕೇವಲಜ್ಞಾನ ಮಾತ್ರ ಬರಲಿಲ್ಲ. ಭರತನಿಗೆ ತನ್ನಿಂದ ನೋವಾಯಿತಲ್ಲ ಎಂಬ ಎಳೆಯೊಂದು ಮನಸ್ಸಿನಲ್ಲಿ ಉಳಿದಿತ್ತೆಂದು ಒಂಬತ್ತನೆಯ ಶತಮಾನದ ಜಿನಸೇನರು ಕಾರಣ ಕೊಡುತ್ತಾರೆ. ಭರತನೇ ಬಂದು ಪೂಜಿಸಿದಾಗ ಅದು ಹರಿಯಿತು. ಶ್ವೇತಾಂಬರ ಕಥೆಯಲ್ಲಿ ಅಡ್ಡಿ ಬೇರೆ: ತನಗಿಂತ ಮೊದಲೇ ದೀಕ್ಷೆ ಪಡೆದ ತಮ್ಮಂದಿರಿಗೆ ನಮಸ್ಕರಿಸಬೇಕಲ್ಲ ಎಂಬ ಅಭಿಮಾನ. ಆ ಅಭಿಮಾನವೆಂಬ ಆನೆಯಿಂದ ಇಳಿಯೆಂದು ಸೋದರಿಯರಾದ ಬ್ರಾಹ್ಮಿ ಸುಂದರಿಯರು ಬಂದು ಎಚ್ಚರಿಸುತ್ತಾರೆ. ಒಂದರಲ್ಲಿ ಕರುಣೆಯಂಥ ನೆನಪು, ಇನ್ನೊಂದರಲ್ಲಿ ಗರ್ವ. ಮೊದಲನೆಯದೇ ಹೆಚ್ಚು ಸೂಕ್ಷ್ಮ, ಏಕೆಂದರೆ ಅಲ್ಲಿ ಅಡ್ಡಿಯಾದದ್ದು ಒಳ್ಳೆಯತನದ ಮುಖವಾಡ ತೊಟ್ಟ ಅಂಟು. ಎರಡರಲ್ಲೂ ವರ್ಷವಿಡೀ ಅಲುಗದ ಮೈ ಒಂದು ಸಣ್ಣ ಯೋಚನೆಯನ್ನು ಕರಗಿಸಲು ಸಾಲದಾಯಿತು.

ಈ ನಿಲುವನ್ನು ಕಲ್ಲಿನಲ್ಲಿ ಹಿಡಿಯುವ ಕೆಲಸ ಕರ್ನಾಟಕದಲ್ಲಿ ಬಹು ಹಿಂದೆಯೇ ತೊಡಗಿತು. ಬಾದಾಮಿಯ ನಾಲ್ಕನೆಯ ಗುಹೆಯಲ್ಲೂ ಐಹೊಳೆಯ ಜೈನ ಗುಹೆಯಲ್ಲೂ ಬಳ್ಳಿ ಸುತ್ತಿದ ಬಾಹುಬಲಿ ಇದ್ದಾನೆ. ಅವನಿಗೆ ಜೋಡಿಯಾಗಿ, ಹಗೆಯ ದಾಳಿಯ ನಡುವೆ ಕದಲದೆ ನಿಂತ ತೀರ್ಥಂಕರ ಪಾರ್ಶ್ವನಾಥ. ಹತ್ತನೆಯ ಶತಮಾನದ ಕೊನೆಗೆ, 981ರ ಸುಮಾರಿಗೆ, ಗಂಗರ ಮಂತ್ರಿ ಚಾವುಂಡರಾಯ ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಸುಮಾರು 58 ಅಡಿಯ ಮೂರ್ತಿಯನ್ನು ನಿಲ್ಲಿಸಿದ. ಆಮೇಲೆ ಕಾರ್ಕಳದಲ್ಲಿ 1432, ವೇಣೂರಿನಲ್ಲಿ 1604. ಬೆಳಗೊಳದ ಮೂರ್ತಿಗೆ ತೊಡೆಯವರೆಗೆ ಹುತ್ತದ ಆಸರೆಯಿದೆ. ಅದರಿಂದ ಮೇಲೆ ಹಿಂದುಗಡೆ ಯಾವ ಊರೆಯೂ ಇಲ್ಲ. ಕಂಬಕ್ಕೂ ಗೋಡೆಗೂ ಒರಗಬಾರದೆಂಬ ವಿಧಿಯನ್ನು ಓದಿದವರಿಗೆ ಈ ಒಂಟಿ ನಿಲುವು ಬೇರೆಯಾಗಿ ಕಾಣುತ್ತದೆ. ನೇರ ಇಳಿದ ತೋಳು, ಸಮವಾಗಿ ಊರಿದ ಪಾದ, ಸಡಿಲವಾದ ಮುಖ: ಮೂವತ್ತೆರಡರಲ್ಲಿ ಒಂದು ದೋಷವನ್ನೂ ಅಲ್ಲಿ ಹುಡುಕಲಾಗದು. ಮುಖದಲ್ಲಿ ಬಿಗುವಿಲ್ಲದಿರುವುದು ಎತ್ತರಕ್ಕಿಂತ ದೊಡ್ಡ ಸಾಧನೆ.

ಮನಸ್ಸಿಗೆ ಆಧಾರ ಬೇಕೆನ್ನುವವರಿಗೆ ಅಕ್ಷರವೂ ಚಿತ್ರವೂ ಇವೆ. ನೇಮಿಚಂದ್ರರ ಹೆಸರಿನಲ್ಲಿರುವ ದ್ರವ್ಯಸಂಗ್ರಹ 35 ಅಕ್ಷರಗಳ ಪಂಚನಮಸ್ಕಾರದಿಂದ ತೊಡಗಿ 16, 6, 5, 4, 2, 1 ಎಂದು ಇಳಿಯುತ್ತ ಬರುವ ಜಪಗಳನ್ನು ಸೂಚಿಸಿ, ಕೊನೆಗೆ ಮೈ, ಮಾತು, ಚಿಂತೆ ಮೂರನ್ನೂ ನಿಲ್ಲಿಸಿ ಆತ್ಮ ತನ್ನಲ್ಲೇ ರಮಿಸುವುದನ್ನು ಪರಮಧ್ಯಾನವೆನ್ನುತ್ತದೆ. ಜಪಮಾಲೆಯ 108ಕ್ಕೂ ಲೆಕ್ಕವಿದೆ. ಕ್ರೋಧ, ಮಾನ, ಮಾಯೆ, ಲೋಭ ನಾಲ್ಕು. ಮನ, ವಚನ, ಕಾಯ ಮೂರು. ತಾನು ಮಾಡುವುದು, ಮಾಡಿಸುವುದು, ಮೆಚ್ಚುವುದು ಮೂರು. ಸಂಕಲ್ಪಿಸುವುದು, ಸಿದ್ಧತೆ ಮಾಡುವುದು, ತೊಡಗುವುದು ಮೂರು. ಗುಣಿಸಿದರೆ ಕರ್ಮ ಬರುವ ಬಾಗಿಲುಗಳು 108. ಒಂದೊಂದು ಮಣಿಯೂ ಒಂದೊಂದು ಬಾಗಿಲಿಗೆ.

ಚಿತ್ರಗಳ ದಾರಿಯನ್ನು ವಿಸ್ತರಿಸಿದವರು ಜ್ಞಾನಾರ್ಣವದ ಶುಭಚಂದ್ರರು. ಪಿಂಡಸ್ಥ, ಪದಸ್ಥ, ರೂಪಸ್ಥ, ರೂಪಾತೀತ ಎಂಬ ನಾಲ್ಕರಲ್ಲಿ ಪಿಂಡಸ್ಥಕ್ಕೆ ಐದು ಧಾರಣೆಗಳು. ತೆರೆಯಿಲ್ಲದ ಹಾಲ್ಗಡಲು, ಅದರ ನಡುವೆ ಜಂಬೂದ್ವೀಪದಷ್ಟು ಅಗಲದ ಸಾವಿರ ಎಸಳಿನ ಹೊಂದಾವರೆ, ಮೇರುವೇ ಅದರ ಕರ್ಣಿಕೆ, ಅದರ ಮೇಲೆ ಬಿಳಿಯ ಪೀಠದಲ್ಲಿ ತಾನು ಶಾಂತನಾಗಿ ಕುಳಿತಂತೆ ಮೊದಲು ಭಾವಿಸಬೇಕು. ನಾಭಿಯಲ್ಲಿ ಹದಿನಾರು ಸ್ವರಗಳ ಹದಿನಾರು ಎಸಳು, ನಡುವಿನ ಬೀಜಾಕ್ಷರದಿಂದ ಮೊದಲು ಹೊಗೆ, ಬಳಿಕ ಕಿಡಿ, ಬಳಿಕ ಜ್ವಾಲೆ. ಅದು ಎದೆಯಲ್ಲಿ ತಲೆಕೆಳಗಾಗಿರುವ ಎಂಟು ಕರ್ಮಗಳ ಎಂಟೆಸಳ ತಾವರೆಯನ್ನು ಸುಡುತ್ತದೆ. ಗಾಳಿ ಬಂದು ಬೂದಿಯನ್ನು ಹಾರಿಸುತ್ತದೆ, ಮಳೆ ಬಂದು ಉಳಿದುದನ್ನು ತೊಳೆಯುತ್ತದೆ. ಕೊನೆಗೆ ಸಪ್ತಧಾತುಗಳಿಲ್ಲದ ಶುದ್ಧ ಆತ್ಮ. ಕಾವ್ಯದಂತೆ ತೋರುವ ಈ ವಿಧಿಯೊಳಗೆ ಆಸ್ರವ ಸಂವರ ನಿರ್ಜರೆಗಳ ಅದೇ ಹಳೆಯ ಪಾಠ ಅಡಗಿದೆ.

ಇದೇ ಶುಭಚಂದ್ರರು ಗೃಹಸ್ಥರ ವಿಷಯದಲ್ಲಿ ಬಹು ಕಟ್ಟುನಿಟ್ಟು. ಆಕಾಶದ ಹೂವೋ ಕತ್ತೆಯ ಕೊಂಬೋ ಎಲ್ಲಾದರೂ ಕಂಡೀತು, ಮನೆವಾರ್ತೆಯವನಿಗೆ ಧ್ಯಾನ ಸಿದ್ಧಿಸದು ಎಂಬಷ್ಟು ಖಡಾಖಂಡಿತ. ಈ ಕಾಲದಲ್ಲಿ ಧ್ಯಾನವೇ ಸಾಧ್ಯವಿಲ್ಲ ಎಂದವರೂ ಇದ್ದರು. ಮುಕ್ತಿಗೆ ಒಯ್ಯುವ ಶುಕ್ಲಧ್ಯಾನಕ್ಕೆ ಬೇಕಾದ ಮೈಕಟ್ಟು ಈಗಿಲ್ಲದಿರಬಹುದು, ಆದರೆ ಧರ್ಮ್ಯಧ್ಯಾನ ಈ ದುಷಮಕಾಲದಲ್ಲೂ ಉಂಟು ಎಂದು ಕುಂದಕುಂದರು ಮೋಕ್ಖಪಾಹುಡದಲ್ಲಿ ಅವರಿಗೆ ಉತ್ತರಿಸಿದ್ದಾರೆ, ಅಲ್ಲೂ ಮಾತು ಸಾಧುಗಳದೇ. ಹದಿನಾರನೆಯ ಶತಮಾನಕ್ಕೆ ಬಂದರೆ ಮೂಡುಬಿದಿರೆಯ ರತ್ನಾಕರವರ್ಣಿಯ ಭರತೇಶ ವೈಭವದಲ್ಲಿ ಚಕ್ರವರ್ತಿ ಭರತ 96,000 ರಾಣಿಯರ ನಡುವೆ, ಅರಮನೆಯಲ್ಲೇ ಆತ್ಮಧ್ಯಾನಕ್ಕೆ ಕೂರುತ್ತಾನೆ. ಭೋಗದಿಂದ ಯೋಗಕ್ಕೆ, ಯೋಗದಿಂದ ಭೋಗಕ್ಕೆ ಸಲೀಸಾಗಿ ಓಡಾಡುತ್ತಾನೆ. ಸಾಂಗತ್ಯದ ಲಯದಲ್ಲಿ ಇದು ಮೋಹಕವಾಗಿ ಕೇಳುತ್ತದೆ. ಆದರೆ ಅದು ಚರಮಶರೀರಿಯಾದ, ಅಂದರೆ ಅದೇ ಜನ್ಮದಲ್ಲಿ ಮುಕ್ತಿ ಪಡೆಯಲಿರುವ ಭರತನ ಸಲೀಸು. ಸಾಮಾನ್ಯ ಗೃಹಸ್ಥ ಅದನ್ನು ತನ್ನದೆಂದುಕೊಂಡರೆ ಭೋಗ ಉಳಿದು ಯೋಗ ಹೋದೀತು. ಶುಭಚಂದ್ರರ ನಿಷೇಧಕ್ಕೂ ರತ್ನಾಕರನ ಉದಾರತೆಗೂ ನಡುವೆ ಸಮಂತಭದ್ರರ ಸಾಮಾಯಿಕ ನಿಲ್ಲುತ್ತದೆ. ಗೃಹಸ್ಥ ಗೃಹಸ್ಥನಾಗಿದ್ದುಕೊಂಡೇ ಧ್ಯಾನಿಯಾಗಬೇಕಿಲ್ಲ. ಆ 48 ನಿಮಿಷ ಅವನು ಗೃಹಸ್ಥನಲ್ಲ, ಅಷ್ಟೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಸಾಮಗ್ರಿಯನ್ನು ಹೊಸದಾಗಿ ಜೋಡಿಸಿದ್ದು ಶ್ವೇತಾಂಬರ ತೇರಾಪಂಥ. ಆಚಾರ್ಯ ತುಲಸಿಯವರ ಶಿಷ್ಯ ಮುನಿ ನಥಮಲ್, ಮುಂದೆ ಆಚಾರ್ಯ ಮಹಾಪ್ರಜ್ಞರೆಂದು ಹೆಸರಾದವರು, 1975ರಲ್ಲಿ ಪ್ರೇಕ್ಷಾಧ್ಯಾನ ಎಂಬ ಪದ್ಧತಿಗೆ ರೂಪ ಕೊಟ್ಟರು. ಮೊದಲ ಹೆಜ್ಜೆ ಕಾಯೋತ್ಸರ್ಗ. ಬಳಿಕ ಉಸಿರನ್ನು, ಮೈಯನ್ನು, ಚೈತನ್ಯ ಕೇಂದ್ರಗಳನ್ನು ನೋಡುವುದು, ಬಣ್ಣಗಳ ಮೂಲಕ ಲೇಶ್ಯಾಧ್ಯಾನ, ಕೊನೆಯಲ್ಲಿ ಭಾವನೆ ಮತ್ತು ಅನುಪ್ರೇಕ್ಷೆ. ಯಾವ ಧರ್ಮದವರೂ ಬರಬಹುದಾದ ಶಿಬಿರಗಳಿಗಾಗಿ ರೂಪುಗೊಂಡದ್ದರಿಂದ ಪ್ರತಿಕ್ರಮಣ, ವ್ರತಗಳೊಂದಿಗಿನ ಹಳೆಯ ನಂಟು ಇಲ್ಲಿ ಸಡಿಲವಾಯಿತು. ಕಾಯೋತ್ಸರ್ಗವನ್ನು ಮಲಗಿಯೂ ಮಾಡಿಸುತ್ತಾರೆ, ಅಂಗ ಅಂಗವಾಗಿ ಬಿಗಿ ಬಿಡಿಸುವ ವಿಶ್ರಾಂತಿಯಾಗಿ. ಮೂಲಾಚಾರದ ಕಾಯೋತ್ಸರ್ಗ ತಪ್ಪಿಗೆ ಉತ್ತರವಾಗಿ ಉಸಿರೆಣಿಸಿ ನಿಲ್ಲುವಂಥದು, ಇದು ದಣಿವಿಗೆ ಉತ್ತರ. ಎರಡಕ್ಕೂ ಹೆಸರೊಂದೇ ಆದರೂ ಕೆಲಸ ಬೇರೆ. ಅನುಪ್ರೇಕ್ಷೆಯನ್ನು ಕೈಬಿಡದೆ ಉಳಿಸಿಕೊಂಡಿರುವುದು ಮಾತ್ರ ಈ ಪದ್ಧತಿಯನ್ನು ಬರಿಯ ಉಸಿರಾಟದ ಅಭ್ಯಾಸಗಳಿಂದ ಬೇರ್ಪಡಿಸುತ್ತದೆ. ಪ್ರೇಕ್ಷಾಧ್ಯಾನ ಬಂತೆಂದು ಸಾಮಾಯಿಕ ನಿಲ್ಲಲಿಲ್ಲ. ತೇರಾಪಂಥದ ಗೃಹಸ್ಥರು 48 ನಿಮಿಷದ ಸಾಮಾಯಿಕವನ್ನು ಬೇರೆಯಾಗಿಯೇ ನಡೆಸಿಕೊಂಡು ಬರುತ್ತಿದ್ದಾರೆ, ದಿಗಂಬರ ಬಸದಿಗಳಲ್ಲಿ ನಾಲ್ಕು ದಿಕ್ಕಿನ ಹಳೆಯ ವಿಧಿ ಮುಂದುವರಿದಿದೆ.